ಎರಡು ಮರಗಳ ನಡುವಿನ ಅಳತೆ

ಕಳೆದ ತಿಂಗಳು ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಭಾವ ಫೋನು ಮಾಡಿದರು. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದಿತ್ತು, ಮಕ್ಕಳಿಗೆ ರಜೆ ಹತ್ತಿರ ಬಂದಿತ್ತು, ರಾಣಿಪುರಂ ಬೆಟ್ಟದ ಕಡೆಗೊಮ್ಮೆ, ಕೊಡಗಿನ ಕಡೆಗೊಮ್ಮೆ ಹೋಗಿಬರುವ ಅಂದಾಜು ಅವರದು. "ಆ ಮರಕ್ಕೆ ಕಟ್ಟಿ ಮಲಗುವ ಹ್ಯಾಮಕ್ ಉಂಟಲ್ಲ ಭಾವ, ಯಾವುದು ತೆಕ್ಕೊಳ್ಳುವುದು? ತೋಟದಲ್ಲಿಯೂ ಆಗಬೇಕು, ಗುಡ್ಡೆಯಲ್ಲಿಯೂ ಆಗಬೇಕು, ಮಳೆಗಾಲಕ್ಕೂ ಆಗಬೇಕು" ಎಂದರು. "ಮೊದಲು ಟೇಪು ಹಿಡ್ಕೊಂಡು ತೋಟಕ್ಕೆ ಇಳಿಯಿರಿ, ಎರಡು ಅಡಿಕೆ ಮರದ ನಡುವೆ ಎಷ್ಟುಂಟು ಅಂತ ಅಳೆದು ಹೇಳಿ" ಎಂದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಚಪ್ಪಲಿ ಯಾವುದು ಒಳ್ಳೆಯದು ಎಂದು ಕೇಳಿದವನಿಗೆ ದಾರಿ ಅಳೆದು ಬಾ ಎಂದಂತೆ ಅವರಿಗೆ ಕೇಳಿಸಿರಬೇಕು.

ಆದರೆ ಅದು ತಮಾಷೆಯ ಉತ್ತರವಾಗಿರಲಿಲ್ಲ. ಏಳೆಂಟು ವರ್ಷಗಳ ಹಿಂದೆ ನಾನು ಕೊಂಡ ಮೊದಲ ಹ್ಯಾಮಕ್ ಕಲಿಸಿದ ಪಾಠವೇ ಅದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಉದ್ದ 2.6 ಮೀಟರ್, ಜೊತೆಗೆ ಕಿರುಬೆರಳಿನಷ್ಟು ದಪ್ಪದ ಎರಡು ಪ್ಲಾಸ್ಟಿಕ್ ಹಗ್ಗ, 200 ಕೆ.ಜಿ. ತಾಳುತ್ತದೆ ಎಂಬ ಚೀಟಿ. ಪಾಣತ್ತೂರಿನ ಬದಿಯಲ್ಲಿ ಸ್ನೇಹಿತರೊಬ್ಬರ ಜಾಗದಲ್ಲಿ, ಒಂದು ಹಲಸಿನ ಮರಕ್ಕೂ ಒಂದು ಗೇರುಮರಕ್ಕೂ ಅದನ್ನು ಕಟ್ಟಿದೆ. ನೋಡಲು ಚೆಂದ ಕಾಣಲಿ ಎಂದು ಹಗ್ಗವನ್ನು ಬಿಗಿಯಾಗಿ ಎಳೆದು, ಬಟ್ಟೆ ಹಲಗೆಯಂತೆ ನೇರವಾಗಿ ನಿಲ್ಲುವಂತೆ ಮಾಡಿದ್ದೆ. ಮಲಗಿದ ಹತ್ತು ನಿಮಿಷದಲ್ಲಿ ಎರಡೂ ಅಂಚುಗಳು ಮಗುಚಿ ಭುಜಗಳನ್ನು ಒತ್ತತೊಡಗಿದವು, ಬೆನ್ನು ಬಾಳೆಕಾಯಿಯ ಹಾಗೆ ಬಾಗಿತು, ಮೊಣಕಾಲು ಹಿಮ್ಮುಖವಾಗಿ ಮಡಚುವಂತೆ ನೋಯತೊಡಗಿತು. ನಡುರಾತ್ರಿ ಕಳೆದ ಮೇಲೆ ಹಲಸಿನ ಬದಿಯ ಹಗ್ಗ ತೊಗಟೆಯ ಮೇಲೆ ಇಂಚಿಂಚಾಗಿ ಕೆಳಕ್ಕೆ ಜಾರಿ, ನನ್ನ ಸೊಂಟ ನೆಲ ಮುಟ್ಟಿತು. ಬೆಳಗಿನ ಜಾವ ಗೇರುಮರದಿಂದ ಚಗಳಿ ಇರುವೆಗಳು ಹಗ್ಗವನ್ನೇ ಸಂಕ ಮಾಡಿಕೊಂಡು ಸಾಲಾಗಿ ಇಳಿದು ಬಂದವು. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆಗಳ ಕಡಿತವನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಬೆಳಕಾದಾಗ ನೋಡಿದರೆ ಹಲಸಿನ ಮರದ ಸುತ್ತ ಹಗ್ಗ ಕೊರೆದ ಗೆರೆ, ಅದರಿಂದ ಒಸರಿ ಹೆಪ್ಪುಗಟ್ಟಿದ ಬಿಳಿ ಮೇಣ. ಮನೆಯ ಯಜಮಾನರು ಏನೂ ಹೇಳಲಿಲ್ಲ. ಮರವನ್ನು ಒಮ್ಮೆ ಕೈಯಿಂದ ಸವರಿ ಹೋದರು. ಇರುವೆ ಕಡಿದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಆ ಒಂದು ರಾತ್ರಿಯ ತಪ್ಪುಗಳನ್ನು ಬಿಡಿಸಿ ನೋಡುತ್ತ ಹೋದರೆ ಹ್ಯಾಮಕ್ ಆಯ್ಕೆಯ ಮುಕ್ಕಾಲು ಪಾಲು ವಿಚಾರ ಅದರಲ್ಲೇ ಸಿಗುತ್ತದೆ. ಮೊದಲನೆಯದು ಉದ್ದ. ಅಂಗಡಿಯ ಜಾಹೀರಾತುಗಳು ಅಗಲವನ್ನು ಹೊಗಳುತ್ತವೆ, 'ಇಬ್ಬರು ಮಲಗಬಹುದು' ಎನ್ನುತ್ತವೆ. ಆದರೆ ನಿದ್ದೆಯನ್ನು ತೀರ್ಮಾನಿಸುವುದು ಉದ್ದವೇ. ಎರಡೂ ತುದಿಗಳನ್ನು ನೆರಿಗೆ ಹಿಡಿದು ಕಟ್ಟಿದ ಬಟ್ಟೆಯಲ್ಲಿ ನಡುಗೆರೆಯ ಮೇಲೆ ಮಲಗಿದರೆ ಮೈ ಬಾಗಲೇಬೇಕು. ತಲೆಯನ್ನು ಒಂದು ಬದಿಗೂ ಕಾಲನ್ನು ಇನ್ನೊಂದು ಬದಿಗೂ ಸರಿಸಿ ಓರೆಯಾಗಿ ಮಲಗಿದರೆ ಬಟ್ಟೆ ಮೈಯ ಅಡಿಯಲ್ಲಿ ಹರಡಿಕೊಂಡು ಬೆನ್ನು ಬಹುಮಟ್ಟಿಗೆ ಸಮತಟ್ಟಾಗುತ್ತದೆ. ಹೀಗೆ ಓರೆಯಾಗಲು ಜಾಗ ಬೇಕು. ಐದೂವರೆ, ಆರಡಿ ಎತ್ತರದವರಿಗೆ 3 ಮೀಟರಿಗಿಂತ ಕಡಿಮೆ ಉದ್ದದ ಹ್ಯಾಮಕ್ ಮಧ್ಯಾಹ್ನದ ಅರ್ಧ ಗಂಟೆಗೆ ಸಾಕು, ರಾತ್ರಿಗೆ ಸಾಲದು. ಬಹುಕಾಲದಿಂದ ಇದರಲ್ಲೇ ಮಲಗುವವರು 11 ಅಡಿ, ಎಂದರೆ ಸುಮಾರು 3.35 ಮೀಟರ್ ಉದ್ದವನ್ನೇ ಬಯಸುತ್ತಾರೆ. ನಾನೂ ಈಗ ಅದನ್ನೇ ಬಳಸುತ್ತೇನೆ. ಎರಡೂ ತುದಿಗೆ ಮರದ ಅಡ್ಡಪಟ್ಟಿ ಹಾಕಿ ಬಟ್ಟೆಯನ್ನು ಅಗಲವಾಗಿ ಹಿಡಿದಿಡುವ ರೆಸಾರ್ಟಿನ ಮಾದರಿಯು ಫೋಟೋಕ್ಕೆ ಮಾತ್ರ ಆದೀತು. ಹೊರಳಿದರೆ ಮಗುಚುತ್ತದೆ, ಹೊತ್ತೊಯ್ಯಲು ತೊಡಕು.

ಎರಡನೆಯದು ಬಿಗಿ. ಹಗ್ಗ ಸಡಿಲವಾಗಿದ್ದಷ್ಟು ಅಪಾಯ, ಬಿಗಿಯಾದಷ್ಟು ಭದ್ರ ಎಂದು ನಮ್ಮ ಮನಸ್ಸಿಗೆ ತೋರುತ್ತದೆ. ಹ್ಯಾಮಕ್ಕಿನಲ್ಲಿ ಲೆಕ್ಕ ತಿರುಗಾಮುರುಗಾ. ಹಗ್ಗವು ನೆಲದ ಮಟ್ಟಕ್ಕೆ 30 ಡಿಗ್ರಿ ಓರೆಯಾಗಿ ಮರದ ಕಡೆಗೆ ಏರಿದರೆ ಒಂದೊಂದು ಬದಿಯ ಹಗ್ಗದ ಮೇಲೆ ಬೀಳುವ ಎಳೆತ ಮಲಗಿದವನ ತೂಕದಷ್ಟೇ ಇರುತ್ತದೆ, 70 ಕೆ.ಜಿ.ಯವನಿಗೆ 70 ಕೆ.ಜಿ. ಆ ಕೋನ 15 ಡಿಗ್ರಿಗೆ ಇಳಿದರೆ ಎಳೆತ ಸುಮಾರು 135 ಕೆ.ಜಿ.ಗೆ ಏರುತ್ತದೆ, 10 ಡಿಗ್ರಿಯಲ್ಲಿ 200 ಕೆ.ಜಿ. ದಾಟುತ್ತದೆ. ಅಂದರೆ ನಾನು ಅಂದು ಹಲಗೆಯಂತೆ ಎಳೆದು ಕಟ್ಟಿದಾಗ ಚೀಟಿಯಲ್ಲಿ ಬರೆದಿದ್ದ ಭಾರದ ಮಿತಿಯನ್ನು ನಾನೊಬ್ಬನೇ ಮುಟ್ಟಿದ್ದೆ, ಮರದ ಮೈಯನ್ನೂ ಅಷ್ಟೇ ಬಲದಿಂದ ಕೊರೆದಿದ್ದೆ. ಮೂವತ್ತು ಡಿಗ್ರಿಯನ್ನು ಅಳೆಯಲು ಉಪಕರಣ ಬೇಡ: ಹೆಬ್ಬೆರಳನ್ನೂ ತೋರುಬೆರಳನ್ನೂ ಪಿಸ್ತೂಲಿನಂತೆ ಚಾಚಿ, ಎರಡರ ತುದಿಯನ್ನು ಸೇರಿಸುವ ಗೆರೆಯೊಡನೆ ಹಗ್ಗವನ್ನು ಹೋಲಿಸಿದರೆ ಸಾಕಷ್ಟು ಹತ್ತಿರ ಬರುತ್ತದೆ. ಇನ್ನೂ ಸುಲಭದ್ದು, ಹ್ಯಾಮಕ್ಕಿನ ಎರಡು ತುದಿಗಳ ನಡುವೆ ಅದರ ಉದ್ದದ ನೂರಕ್ಕೆ 83ರಷ್ಟು ಉದ್ದದ ಹಿಗ್ಗದ ದಾರವೊಂದನ್ನು ಮೇಲ್ಗಡೆ ಕಾಯಂ ಆಗಿ ಕಟ್ಟಿಬಿಡುವುದು. 3.35 ಮೀಟರಿನದಕ್ಕೆ 2.8 ಮೀಟರ್ ದಾರ. ಮನೆಯ ಮಾಡಿನ ಮೋಂಟಿನಂತೆ, ಎಂದರೆ ನೆತ್ತಿಯ ತೊಲೆಯಂತೆ ಅದು ಮೇಲೆ ನಿಂತಿರುವುದರಿಂದ, ಮರಗಳು ಹತ್ತಿರವಿರಲಿ ದೂರವಿರಲಿ, ಬಟ್ಟೆಯ ಜೋಲು ಪ್ರತಿ ಸಲವೂ ಒಂದೇ ಆಗಿರುತ್ತದೆ. ಕೊಳ್ಳುವಾಗ ಈ ದಾರ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ನಾವೇ ಕಟ್ಟಿಕೊಳ್ಳಬಹುದು, ನಾನು ಹಾಗೇ ಮಾಡಿದೆ.

ಇನ್ನು ಟೇಪು ಹಿಡಿದು ತೋಟಕ್ಕೆ ಇಳಿಯುವ ವಿಷಯ. ನಮ್ಮೂರಿನಲ್ಲಿ ಮರಗಳಿಗೆ ಬರವಿಲ್ಲ, ಆದರೆ ಅವು ನಮ್ಮ ನಿದ್ದೆಗಾಗಿ ನೆಟ್ಟವಲ್ಲ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಎಂದರೆ ಸಿಪಿಸಿಆರ್‌ಐ ಆಗಿರುವ ಸಂಸ್ಥೆಯ ಹೆಸರನ್ನು ಕೇಳದ ಕೃಷಿಕರು ಇಲ್ಲಿಲ್ಲ. ಅಡಿಕೆಗೆ 2.7 ಮೀಟರ್, ತೆಂಗಿಗೆ 7.5 ಮೀಟರ್ ಅಂತರ ಎಂಬ ಶಿಫಾರಸು ಇಲ್ಲಿ ಮಗ್ಗಿಯಂತೆ ಎಲ್ಲರ ಬಾಯಲ್ಲಿದೆ. ಈ ಎರಡು ಅಂಕಿಗಳೇ ಹ್ಯಾಮಕ್ಕಿಗೂ ಲೆಕ್ಕ. 2.8 ಮೀಟರ್ ದಾರ ಕಟ್ಟಿದ ಹ್ಯಾಮಕ್ 2.7 ಮೀಟರ್ ಅಂತರದ ಅಡಿಕೆ ಮರಗಳ ನಡುವೆ ಹಿಡಿಯುವುದೇ ಇಲ್ಲ. ಆದರೆ ಚೌಕದ ಎದುರು ಮೂಲೆಗೆ, ಕರ್ಣದ ಗೆರೆಯಲ್ಲಿ ಅಳೆದರೆ ಸುಮಾರು 3.8 ಮೀಟರ್ ಸಿಗುತ್ತದೆ, ಇಷ್ಟಿದ್ದರೆ ಧಾರಾಳವಾಯಿತು. ತೋಟದಲ್ಲಿಯೂ ಓರೆ, ಬಟ್ಟೆಯಲ್ಲಿಯೂ ಓರೆ. ಆಗ ಹಗ್ಗದ ಬದಲು ಮರಕ್ಕೆ ಸುತ್ತುವ ಅಗಲದ ಪಟ್ಟಿಯನ್ನು ನೆಲದಿಂದ ಐದೂವರೆ ಅಡಿ ಎತ್ತರಕ್ಕೆ ಕಟ್ಟಿದರೆ ಮಲಗಿದ ಮೈ ಕುರ್ಚಿಯ ಎತ್ತರದಲ್ಲಿ ನಿಲ್ಲುತ್ತದೆ. ತೆಂಗಿನ 7.5 ಮೀಟರ್ ಅಂತರದಲ್ಲಿ ಅದೇ ಮೂವತ್ತು ಡಿಗ್ರಿ ಉಳಿಸಿಕೊಳ್ಳಬೇಕಾದರೆ ಪಟ್ಟಿಯನ್ನು ಒಂಬತ್ತು ಅಡಿ ಎತ್ತರಕ್ಕೆ ಕಟ್ಟಬೇಕು. ಏಣಿ ಬೇಕು, ಮರದ ಸುತ್ತಳತೆಯೂ ಸೇರಿ ಒಂದೊಂದು ಬದಿಗೆ ಮೂರೂವರೆ ಮೀಟರಿಗಿಂತ ಉದ್ದದ ಪಟ್ಟಿ ಬೇಕು. ತೆಂಗಿನ ಮರದ ಬುಡದಲ್ಲಿ ಮಲಗಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಮೇಲೆ ತೂಗುತ್ತಲೇ ಇರುತ್ತದೆ. ಒಣ ಮಡಲಾಗಲಿ ಕಾಯಿಯಾಗಲಿ ಸಮಯ ಹೇಳಿ ಬೀಳುವುದಿಲ್ಲ. ಕಡಲ ತಡಿಯ ಚಿತ್ರಗಳಲ್ಲಿ ಎರಡು ತೆಂಗಿನ ನಡುವೆ ತೂಗುವ ಹ್ಯಾಮಕ್ಕನ್ನು ಕಂಡಾಗಲೆಲ್ಲ ನನಗೆ ಮೊದಲು ಕಣ್ಣು ಹೋಗುವುದು ಮೇಲಿನ ಗೊನೆಯ ಕಡೆಗೆ.

ಅಡಿಕೆ ಮರದಲ್ಲಿಯೂ ಎಚ್ಚರ ಬೇಕು. ಬೇರು ಆಳಕ್ಕಿಳಿಯದ, ತೆಳ್ಳಗೆ ನೆಟ್ಟಗೆ ಬೆಳೆಯುವ ಮರ ಅದು. ಮಲಗಿದರೆ ಎರಡೂ ಮರಗಳು ನಮಸ್ಕಾರ ಮಾಡುವಂತೆ ಒಂದರ ಕಡೆಗೊಂದು ಬಾಗುತ್ತವೆ, ನಾವು ನಿಧಾನವಾಗಿ ಇಳಿಯುತ್ತೇವೆ. ಹಳೆಯ ಎತ್ತರದ ಮರವನ್ನು ಬಿಟ್ಟು ಗಟ್ಟಿಮುಟ್ಟಾದ ಗಿಡ್ಡ ಮರವನ್ನೇ ಹುಡುಕಬೇಕು, ಹಾಳೆ ಬೀಳುವ ಹಂತದಲ್ಲಿದೆಯೇ ಎಂದು ತಲೆಯೆತ್ತಿ ನೋಡಬೇಕು. ರಬ್ಬರಿನ ಮರ ಗಾಳಿಗೆ ಮುರಿಯುವ ಜಾತಿ, ಜೊತೆಗೆ ಟ್ಯಾಪಿಂಗ್ ಮಾಡಿದ ಮೈಗೆ ಪಟ್ಟಿ ಬಿಗಿದರೆ ಮಾಲೀಕರು ಎರಡನೇ ಸಲ ಒಳಗೆ ಬಿಡಲಾರರು. ಗೇರುಮರದಲ್ಲಿ ಇರುವೆಯ ಗೂಡಿದ್ದರೆ ಬೇರೆ ಮರ ನೋಡುವುದೇ ಪರಿಹಾರ. ಮಾವು, ಹಲಸು, ಹೆಬ್ಬಲಸು ಉತ್ತಮ. ಮರ ಸಿಗದಿದ್ದಾಗ ಗೇಟಿನ ಕೆಂಪುಕಲ್ಲಿನ ಕಂಬಕ್ಕೆ ಕಟ್ಟುವ ಆಸೆ ಹಲವರಿಗೆ ಬರುತ್ತದೆ. ಇದನ್ನು ಖಂಡಿತ ಮಾಡಬಾರದು. ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಿದ ಕಂಬ ಮೇಲಿನ ಭಾರವನ್ನು ಹೊರುತ್ತದೆ, ಅಡ್ಡ ಎಳೆತವನ್ನು ತಾಳುವುದಿಲ್ಲ, ಕುಸಿದರೆ ಮಲಗಿದವನ ಮೇಲೆಯೇ ಕುಸಿಯುತ್ತದೆ.

ಹೀಗಿರುವುದರಿಂದ ಬಟ್ಟೆಗಿಂತ ಮೊದಲು ಪಟ್ಟಿಯನ್ನು ಆರಿಸಬೇಕೆಂಬುದು ನನ್ನ ಹಟ. ಕನಿಷ್ಠ ಒಂದು ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿ ಇರಬೇಕು. ಅಡಿಕೆಯಂಥ ಮೆದು ಮೈಗೆ ಎರಡಿಂಚಿನದಾದರೆ ಇನ್ನೂ ಒಳ್ಳೆಯದು. ನೈಲಾನ್ ಪಟ್ಟಿ ಭಾರಕ್ಕೆ ಹಿಗ್ಗುತ್ತದೆ, ನೆನೆದರೆ ಇನ್ನಷ್ಟು ಹಿಗ್ಗುತ್ತದೆ. ಸಂಜೆ ಕುರ್ಚಿಯ ಎತ್ತರದಲ್ಲಿ ಮಲಗಿದವನು ಬೆಳಗ್ಗೆ ಮಣೆಯ ಎತ್ತರದಲ್ಲಿ ಏಳುತ್ತಾನೆ. ಪಟ್ಟಿಯುದ್ದಕ್ಕೂ ಕುಣಿಕೆಗಳನ್ನು ಹೊಲಿದ ಮಾದರಿಯು ಗಂಟು ಬಾರದವರಿಗೆ ಅನುಕೂಲ, ಆದರೆ ಭಾರ ಹೆಚ್ಚು, ಎತ್ತರ ಕುಣಿಕೆಯಿಂದ ಕುಣಿಕೆಗೆ ಮಾತ್ರ ಬದಲಾಗುತ್ತದೆ. ಬಕಲ್ ಇರುವ ಪಟ್ಟಿಯಲ್ಲಿ ಬೆರಳಷ್ಟು ಅಂತರವನ್ನೂ ಹೊಂದಿಸಬಹುದು. ಪಟ್ಟಿಗೆ ಬಟ್ಟೆಯನ್ನು ಸಿಕ್ಕಿಸುವ ಕೊಕ್ಕೆಯ ಮೇಲೆ ತಾಳುವ ಬಲವನ್ನು ಕೆತ್ತಿರಬೇಕು. 12 ಕಿಲೋನ್ಯೂಟನ್ ಎಂದಿದ್ದರೆ ಸುಮಾರು 1200 ಕೆ.ಜಿ., ಅದು ಬೇಕಾದಷ್ಟಾಯಿತು. ಬೀಗದಕೈ ಗೊಂಚಲಿಗೆ ಹಾಕುವ ಬಣ್ಣದ ಕೊಕ್ಕೆಗಳೂ ಅದೇ ರೂಪದಲ್ಲಿ ಬರುತ್ತವೆ ಎಂಬುದನ್ನು ಮರೆಯಬಾರದು.

ಬಟ್ಟೆಯ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಡೆನಿಯರ್ ಎಂದರೆ 9000 ಮೀಟರ್ ನೂಲಿನ ಗ್ರಾಂ ತೂಕ. 40 ಡೆನಿಯರ್ ಹಗುರ, 70 ಡೆನಿಯರ್ ಗಟ್ಟಿ. ಮಕ್ಕಳು ಹತ್ತಿ ಇಳಿಯುವ ಮನೆಗೆ 70 ಇರಲಿ. ಹತ್ತಿಯ ಬಟ್ಟೆ ಮೈಗೆ ಹಿತ, ಆದರೆ ನಮ್ಮ ಹವೆಯಲ್ಲಿ ನೆನೆದರೆ ಒಣಗುವುದಿಲ್ಲ.

'ಎಲ್ಲದಕ್ಕೂ ಆಗಬೇಕು' ಎಂಬ ಭಾವನ ಮಾತಿಗೆ ಬರೋಣ. ಸೊಳ್ಳೆಪರದೆ, ಮಳೆಯ ಹೊದಿಕೆ, ಚಳಿಯ ಪದರ ಎಲ್ಲವನ್ನೂ ಸೇರಿಸಿ ಹೊಲಿದ ಹ್ಯಾಮಕ್ಕುಗಳು ಇದೇ ಮಾತನ್ನು ಹಿಡಿದು ಮಾರಾಟವಾಗುತ್ತವೆ. ನನ್ನ ಅನುಭವ ಬೇರೆ. ಎಲ್ಲವನ್ನೂ ಒಂದಾಗಿ ಹೊಲಿದದ್ದು ಯಾವ ದಿನಕ್ಕೂ ಸರಿಯಾಗಿ ಒದಗುವುದಿಲ್ಲ: ಏಪ್ರಿಲಿನ ಮಧ್ಯಾಹ್ನ ಪರದೆ ಉಸಿರು ಕಟ್ಟಿಸುತ್ತದೆ, ಡಿಸೆಂಬರಿನ ಬೆಟ್ಟದಲ್ಲಿ ತಳದ ಪದರ ತೆಳುವೆನಿಸುತ್ತದೆ, ಒಂದು ಜಿಪ್ ಕೆಟ್ಟರೆ ಇಡೀ ವಸ್ತುವೇ ಮೂಲೆ ಸೇರುತ್ತದೆ. ಬರಿಯ ಬಟ್ಟೆ, ಬರಿಯ ಪಟ್ಟಿ, ಬೇರೆ ಪರದೆ, ಬೇರೆ ಟಾರ್ಪಾಲು ಎಂದು ಬಿಡಿಬಿಡಿಯಾಗಿ ಇಟ್ಟುಕೊಂಡರೆ ಆಯಾ ಋತುವಿಗೆ ಬೇಕಾದದ್ದನ್ನಷ್ಟೇ ಚೀಲಕ್ಕೆ ತುಂಬಬಹುದು. ಪರದೆಯಂತೂ ನಮಗೆ ವರ್ಷವಿಡೀ ಬೇಕು. ಅದು ಚೀಲದಂತೆ ಸುತ್ತಲೂ, ತಳವನ್ನೂ ಸೇರಿಸಿ ಮುಚ್ಚುವಂಥದ್ದಾಗಿರಲಿ, ಏಕೆಂದರೆ ತೋಟದ ಸೊಳ್ಳೆ ಮೈಗಂಟಿದ ತೆಳು ನೈಲಾನಿನ ಮೂಲಕವೇ ಬೆನ್ನಿಗೆ ಕಡಿಯುತ್ತದೆ.

ಮಳೆಯ ಪಾಠವನ್ನು ನಾನು ಜೂನಿನ ಒಂದು ರಾತ್ರಿ ಕಲಿತೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಹುಟ್ಟಿದವನು ಟಾರ್ಪಾಲು ಕಟ್ಟಲು ಬಲ್ಲೆನೆಂದೇ ಭಾವಿಸಿದ್ದೆ. ಟಾರ್ಪಾಲು ಸರಿಯಾಗಿಯೇ ಇತ್ತು, ಒಂದು ಹನಿಯೂ ಮೇಲಿನಿಂದ ಬೀಳಲಿಲ್ಲ. ಆದರೂ ಬೆನ್ನು ಒದ್ದೆಯಾಯಿತು. ಟಾರ್ಚ್ ಹಿಡಿದು ನೋಡಿದೆ. ಮರದ ಮೈಯಿಂದ ಇಳಿದ ನೀರು ಪಟ್ಟಿಯ ಮೇಲೇರಿ, ಅದರ ಕೆಳಗಂಚಿನಲ್ಲಿ ಮಣಿಗಳಂತೆ ಸಾಲುಗಟ್ಟಿ, ಒಂದರ ಹಿಂದೊಂದು ಬಟ್ಟೆಯ ನೆರಿಗೆಯೊಳಗೆ ಇಳಿಯುತ್ತಿತ್ತು. ಚೀಲದಲ್ಲಿ ಏನೂ ಇರಲಿಲ್ಲ. ಅಲ್ಲೇ ಬಾಳೆಯ ಒಣಪಟ್ಟೆಯಿಂದ ಒಂದು ಗೇಣು ನಾರು ಸೀಳಿ, ಟಾರ್ಪಾಲಿನ ಅಂಚಿಗಿಂತ ಒಳಗೆ ಪಟ್ಟಿಗೆ ಗಂಟು ಹಾಕಿ ಜೋಲುಬಿಟ್ಟೆ. ಬರುತ್ತಿದ್ದ ಮಣಿ ಗಂಟಿನ ಬಳಿ ಒಂದು ಕ್ಷಣ ನಿಂತು, ದಪ್ಪವಾಗಿ, ನಾರಿನ ತುದಿಯಿಂದ ನೆಲಕ್ಕೆ ಬಿತ್ತು. ಮುಂದಿನದೂ ಹಾಗೆಯೇ. ಹತ್ತು ನಿಮಿಷ ಅದನ್ನೇ ನೋಡುತ್ತ ನಿಂತಿದ್ದೆ. ಸಾವಿರಾರು ರೂಪಾಯಿಯ ಸಾಮಗ್ರಿಯ ನಡುವೆ ಆ ರಾತ್ರಿ ಕೆಲಸಕ್ಕೆ ಬಂದದ್ದು ಬಾಳೆನಾರು.

ಟಾರ್ಪಾಲಿಗೂ ಪಾಲಿಯೆಸ್ಟರೇ ವಾಸಿ. ಸಿಲಿಕಾನ್ ಲೇಪಿಸಿದ ನೈಲಾನ್ ನೆನೆದಾಗ ಜೋಲುತ್ತದೆ, ನಡುರಾತ್ರಿ ಎದ್ದು ಮತ್ತೆ ಬಿಗಿಯಬೇಕು. ಪಾಲಿಯುರಿಥೇನ್ ಲೇಪವಿದ್ದದ್ದನ್ನು ಮಡಚಿ ಅಟ್ಟಕ್ಕೆ ಹಾಕಿದರೆ ಎರಡು ಮಳೆಗಾಲದ ತೇವಕ್ಕೆ ಲೇಪ ಅಂಟಂಟಾಗಿ ಏಳುತ್ತದೆ. ಒಣಗಿಸದೆ ಚೀಲಕ್ಕೆ ತುಂಬಿದ ಯಾವುದಕ್ಕೂ ಇಲ್ಲಿ ಬೂಷ್ಟು ತಪ್ಪಿದ್ದಲ್ಲ. ನಾನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಗಳ ಪಕ್ಕ ಇಡುತ್ತೇನೆ. ಮನೆಯವಳಿಗೆ ಅದು ಹಿಡಿಸಿಲ್ಲ.

ಚಳಿ ಕರಾವಳಿಯವರಿಗೆ ಅನಿರೀಕ್ಷಿತ. ಏಪ್ರಿಲಿನಲ್ಲಿ ಬೆನ್ನ ಕೆಳಗೆ ಗಾಳಿಯಾಡುವುದೇ ಹ್ಯಾಮಕ್ಕಿನ ಸುಖ. ಡಿಸೆಂಬರಿನಲ್ಲಿ ಕೊಡಗಿನ ಗಡಿಯ ಬೆಟ್ಟದ ಬದಿಯಲ್ಲಿ ಅದೇ ಗಾಳಿ ಬೆನ್ನಿನ ಬಿಸಿಯನ್ನೆಲ್ಲ ಹೀರುತ್ತದೆ. ಒಳಗೆ ಎಷ್ಟು ದಪ್ಪದ ರಜಾಯಿ ಹಾಸಿದರೂ ಮೈಭಾರಕ್ಕೆ ಒತ್ತಿಹೋಗಿ ಅದರಲ್ಲಿ ಗಾಳಿ ಉಳಿಯುವುದಿಲ್ಲ, ಗಾಳಿ ಉಳಿಯದಿದ್ದರೆ ಬೆಚ್ಚಗಾಗುವುದಿಲ್ಲ. ಹೊದಿಕೆಯನ್ನು ಹ್ಯಾಮಕ್ಕಿನ ಹೊರಗಡೆ, ತಳಕ್ಕೆ ತಾಗಿಯೂ ತಾಗದಂತೆ ತೂಗುಹಾಕಬೇಕು. ಅದಕ್ಕೆಂದೇ ಮಾಡಿದ ಹೊದಿಕೆ ದುಬಾರಿ. ವರ್ಷಕ್ಕೆ ಎರಡು ರಾತ್ರಿಯ ಚಳಿಗಾಗಿ ನಾನು ಕೊಂಡಿಲ್ಲ. ಹಳೆಯ ಹಗುರ ರಜಾಯಿಯ ನಾಲ್ಕು ಮೂಲೆಗೆ ಎಲಾಸ್ಟಿಕ್ ದಾರ ಹೊಲಿಸಿಕೊಂಡಿದ್ದೇನೆ.

ಹ್ಯಾಮಕ್ ಎಂಬ ಮಾತು ಕೆರಿಬಿಯನ್ ದ್ವೀಪಗಳ ತೈನೋ ಜನರದು. 1492ರಲ್ಲಿ ಅಲ್ಲಿಗೆ ಹೋದ ಕೊಲಂಬಸನ ಕಡೆಯವರು ಆ ಬಲೆಯ ಹಾಸಿಗೆಯನ್ನು ಕಂಡು ಮಾತನ್ನೂ ವಸ್ತುವನ್ನೂ ಸ್ಪೇನಿಗೆ ಒಯ್ದರು. ಮುಂದೆ ಯುರೋಪಿನ ಹಡಗುಗಳಲ್ಲಿ ನಾವಿಕರು ರಾತ್ರಿ ಅದರಲ್ಲಿ ಮಲಗಿ, ಬೆಳಗ್ಗೆ ಸುತ್ತಿ, ಕಾಳಗದ ಹೊತ್ತಿಗೆ ಗುಂಡಿನ ಚೂರುಗಳಿಗೆ ಅಡ್ಡವಾಗಿ ಹಡಗಿನ ಅಂಚಿನುದ್ದಕ್ಕೂ ಪೇರಿಸುತ್ತಿದ್ದರಂತೆ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ತೊಲೆಗೆ ಅಜ್ಜಿಯ ಹಳೆಯ ಸೀರೆ ಕಟ್ಟಿದ ಜೋಲಿಯಲ್ಲೇ ಇಲ್ಲಿಯ ಎಷ್ಟೋ ಮಕ್ಕಳು ಮಲಗಿ ಬೆಳೆದದ್ದು. ಮಗು ಅದರಲ್ಲಿ ಓರೆಯಾಗಿಯೇ ಮಲಗುತ್ತದೆ, ಯಾರೂ ಕಲಿಸಬೇಕಿಲ್ಲ. ಮಲಯಾಳದವರು ಮಂಚಲ್ ಎನ್ನುವ, ಬಿದಿರಿನ ಗಳುವಿಗೆ ಬಟ್ಟೆ ತೂಗಿಸಿ ಹೆಗಲ ಮೇಲೆ ಹೊತ್ತೊಯ್ಯುವ ಸಾಧನವೂ ಇದರದೇ ಬಳಗ. ರಸ್ತೆಯಿಲ್ಲದ ಕಾಡಿನ ಊರುಗಳಲ್ಲಿ ರೋಗಿಗಳನ್ನು ಹಾಗೆ ಹೊತ್ತು ತಂದ ಸುದ್ದಿ ಇಂದಿಗೂ ಪತ್ರಿಕೆಯಲ್ಲಿ ಬರುವುದುಂಟು.

ಇಷ್ಟೆಲ್ಲ ಹೊಗಳಿದರೂ ಹ್ಯಾಮಕ್ಕನ್ನು ಮನೆಯಲ್ಲೇ ಬಿಟ್ಟುಹೋಗಬೇಕಾದ ಜಾಗಗಳಿವೆ. ಧರ್ಮತ್ತಡ್ಕದ ಬಳಿಯ ಪೊಸಡಿ ಗುಂಪೆ ಬೆಟ್ಟಕ್ಕೆ ಒಮ್ಮೆ ಹೊತ್ತುಕೊಂಡು ಹೋಗಿದ್ದೆ. ತುದಿಯಲ್ಲಿ ಹುಲ್ಲು ಮತ್ತು ಗಾಳಿ, ಕಟ್ಟಲು ಒಂದು ಮರವಿಲ್ಲ. ಬಟ್ಟೆಯನ್ನು ಹುಲ್ಲಿನ ಮೇಲೆ ಹಾಸಿ ಕುಳಿತು ಕಡಲು ನೋಡಿ ಇಳಿದೆ. ಕೆಂಪುಕಲ್ಲಿನ ಪಾರೆಯ ಮೇಲೆ ಟೆಂಟಿನ ಗೂಟ ಇಳಿಯುವುದಿಲ್ಲ, ಮರವೂ ಇರುವುದಿಲ್ಲ, ಅಲ್ಲಿ ಟೆಂಟಿನವನೂ ಹ್ಯಾಮಕ್ಕಿನವನೂ ಇಬ್ಬರೂ ಸೋತರು. ಆದರೆ ಇಳಿಜಾರಿನ, ಬೇರು ಕಲ್ಲುಗಳ, ಮಳೆಗಾಲದ ಇಂಬಳಗಳ ಜಾಗದಲ್ಲಿ ನೆಲ ಬಿಟ್ಟು ಮಲಗುವುದಕ್ಕೆ ಸಾಟಿಯಿಲ್ಲ. ರಕ್ಷಿತಾರಣ್ಯದ ಒಳಗೆ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ ಎಂಬುದನ್ನು ಭಾವನಿಗೆ ಎರಡು ಸಲ ಹೇಳಿದೆ. ದೇಲಂಪಾಡಿ, ಕಾರಡ್ಕದ ತೋಟಗಳಿಗೇ ಆನೆ ಇಳಿಯುವ ಈ ದಿನಗಳಲ್ಲಿ ಪರದೆಯ ಜಿಪ್ ಹುಡುಕುತ್ತ ಎದ್ದೋಡುವ ಪ್ರಸಂಗ ಯಾರಿಗೂ ಬೇಡ.

ಮೊನ್ನೆ ಶನಿವಾರ ನನ್ನ ಹ್ಯಾಮಕ್ಕನ್ನೇ ಹೊತ್ತು ಅವರ ತೋಟಕ್ಕೆ ಹೋದೆ. ಭಾವ ಟೇಪಿನ ಒಂದು ತುದಿ ಹಿಡಿದರು, ಅವರ ಮಗಳು, ನನ್ನ ಸೊಸೆ, ಇನ್ನೊಂದು ತುದಿ. ನೇರ ಸಾಲಿನಲ್ಲಿ ಒಂಬತ್ತಡಿಗೆ ಒಂದಿಂಚು ಕಡಿಮೆ, ಓರೆಯಲ್ಲಿ ಹನ್ನೆರಡೂವರೆ. "ಹಾಗಾದ್ರೆ ಇಲ್ಲಿ ಆಗ್ತದೆ" ಎಂದು ಭಾವ ಪಟ್ಟಿ ಬಿಡಿಸುವಷ್ಟರಲ್ಲಿ ನಾಲ್ಕು ಮಾರು ಆಚೆ ಒಂದು ಹಾಳೆ ಸೋಗೆ ಸಮೇತ ದೊಪ್ಪನೆ ಬಿತ್ತು. ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು, ಪಟ್ಟಿಯನ್ನು ಮತ್ತೆ ಸುರುಳಿ ಸುತ್ತಿಕೊಂಡು ಮನೆಯ ಹಿಂದಿನ ಎರಡು ಮಾವಿನ ಮರಗಳ ಕಡೆಗೆ ನಡೆದರು. ಸೊಸೆ ಟೇಪು ಎಳೆದುಕೊಂಡು ಅವರ ಹಿಂದೆ ಓಡಿದಳು.